ಏಣಿಯ ಮೇಲೆ ಬರುವ ಗ್ಯಾಸ್

ಹಾನಗಲ್ಲಿನಲ್ಲಿ ಬೈಕಿನ ಪಂಕ್ಚರ್ ಹಾಕಿಸುತ್ತ ನಿಂತಿದ್ದಾಗ ಕೇಂದ್ರದಿಂದ ಫೋನ್ ಬಂತು. ಮಾಡಿದವರು ಆಪ್ತ ಸಮಾಲೋಚಕಿ. ನಾನು ಅವರಿಗೆ ಅಕ್ಕಾರು ಎನ್ನುತ್ತೇನೆ.

"ಎಲ್ಲದೀ?"

"ಹಾನಗಲ್ಲಿನ್ಯಾಗ್ರಿ."

"ಸವಣೂರಿನ ಏಣಿ ಕಾಕಾಂದು ರಿಪೋರ್ಟ್ ಬಂದೈತಿ. ವೈರಸ್ ಎದ್ದೈತಿ. ಹೋಗಿ ನೋಡು, ಗುಳಿಗಿ ನುಂಗ್ತಾನೋ ಗಟಾರಕ್ಕ ಹಾಕ್ತಾನೋ."

ಎಚ್‌ಐವಿ ಇರುವವರ ಬೆನ್ನು ಹತ್ತುವುದು ನನ್ನ ಕೆಲಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ನಾಲ್ಕು ತಾಲ್ಲೂಕಿಗೆ ಒಂದು ಬೈಕು. ಗುಳಿಗೆ ಬಿಟ್ಟವರನ್ನು ಹುಡುಕಿ ಚಿಕಿತ್ಸಾ ಕೇಂದ್ರಕ್ಕೆ ಕರೆತರಬೇಕು, ಊರಿನವರಿಗೆ ಗೊತ್ತಾಗಬಾರದು. ನನಗೂ ಅದೇ ಇದೆ, ಹುಟ್ಟುವಾಗಲೇ ಅವ್ವನಿಂದ ಬಂದದ್ದು. ಹೆಚ್ಚು ಓದಿಲ್ಲ. ಈ ಕೆಲಸಕ್ಕೆ ಓದಿಗಿಂತ ಬಾಯಿ ಮುಚ್ಚಿಕೊಂಡಿರುವುದು ಮುಖ್ಯ.

ಏಣಿ ಕಾಕಾ ಸವಣೂರಿನ ಹೊರಗೆ ಒಬ್ಬ ಸಾಹುಕಾರನ ವೀಳ್ಯದೆಲೆ ತೋಟದಲ್ಲಿ ಏಣಿ ಹತ್ತಿ ಎಲೆ ಕೊಯ್ಯುತ್ತಾನೆ. ಅದಕ್ಕೇ ನಾವು ಆ ಹೆಸರು ಇಟ್ಟಿದ್ದು. ಗಂಡ ಹೆಂಡತಿ ಇಬ್ಬರೂ ಗುಳಿಗೆ ತೆಗೆದುಕೊಳ್ಳುತ್ತಾರೆ. ಅವನ ರಕ್ತದಲ್ಲಿ ವೈರಸ್ ಕಾಣದೆ ಎಷ್ಟೋ ವರ್ಷ ಆಗಿತ್ತು. ಗುಳಿಗೆ ಬಿಟ್ಟವರಿಗೆಲ್ಲ ನಾನು ಅವನನ್ನೇ ತೋರಿಸುತ್ತಿದ್ದೆ. ಅವನ ಹಾಗೆ ಗುಳಿಗೆ ನುಂಗಿ, ವೈರಸ್ ಮಲಗುತ್ತದೆ, ಆಮೇಲೆ ನಿಮಗೇನೂ ಆಗುವುದಿಲ್ಲ ಎಂದು ಹೇಳುತ್ತಿದ್ದೆ.

ಈಗ ಅವನದೇ ಎದ್ದಿದೆ. ಹೀಗಾದರೆ ಕೆಲವು ತಿಂಗಳು ಕಾವಲು ಹಾಕಿ ಗುಳಿಗೆ ನುಂಗಿಸಿ, ಮತ್ತೆ ರಕ್ತ ತೆಗೆದು ನೋಡುತ್ತಾರೆ. ಆಗಲೂ ಇಳಿಯದಿದ್ದರೆ ಔಷಧಿಯನ್ನೇ ಬದಲಿಸುತ್ತಾರೆ. ಆಗ ಗುಳಿಗೆಯೂ ಹೆಚ್ಚು, ಓಡಾಟವೂ ಹೆಚ್ಚು. ಓಡಾಟ ಹೆಚ್ಚಾದರೆ ಯಾಕೆ ಎಲ್ಲಿಗೆ ಎಂದು ಜನ ಕೇಳುತ್ತಾರೆ.

ಅವಸರದಲ್ಲಿ ತೋಟಕ್ಕೆ ಹೋದವನು ಚಪ್ಪಲಿ ಬಿಡುವುದನ್ನು ಮರೆತೆ.

"ಏ ಯಾವನಲೇ ಅಂವ! ಮೆಟ್ಟು ಮೆಟ್ಕೊಂಡು ಬಂದಾನ! ನಿಮ್ಮಪ್ಪನ ಬಜಾರ ಏನಿದು?"

ಸಾಹುಕಾರ ಕೋಲು ಹಿಡಿದು ಬಂದ. ನಾನು ಹಿಂದಕ್ಕೆ ಓಡಿ ಗೇಟಿನ ಹೊರಗೆ ಚಪ್ಪಲಿ ಬಿಟ್ಟೆ. ಎಲೆತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಳ್ಳಿ ಲಕ್ಷ್ಮಿ, ಮೈಲಿಗೆ ಮುಟ್ಟಿದರೆ ಒಣಗುತ್ತದೆ ಎನ್ನುತ್ತಾರೆ. ಈ ತೋಟದ ಎಲೆ ಮದುವೆಗೆ ಹೋಗುತ್ತದೆ, ಮಠಕ್ಕೆ ಹೋಗುತ್ತದೆ. ಕೊಯ್ಯುವವನ ರೋಗ ಗೊತ್ತಾದರೆ ಮರುದಿನ ಅವನಿಗೆ ಏಣಿ ಸಿಗುವುದಿಲ್ಲ ಎಂದೇ ನಾವು ತಿಳಿದಿದ್ದೆವು. ಕಾಕಾಗೆ ಬೇರೆ ಕೆಲಸವೂ ಬರುವುದಿಲ್ಲ.

"ಸಾವ್ಕಾರ್ರ, ಅಂವ ನಮ್ಮ ಹುಡುಗರೀ. ನನ್ನ ಹೇಣ್ತಿ ತಂಗಿ ಮಗ," ಎಂದು ಕಾಕಾ ಏಣಿಯ ಮೇಲಿಂದ ಕೂಗಿದ. ಅದು ನಮ್ಮ ಹಳೆಯ ಸುಳ್ಳು.

"ನಿಮ್ಮ ಪೈಕಿ ಅಂದ್ರ ಬುದ್ಧಿ ಹೇಳ್ಕೊಡು," ಎಂದು ಸಾಹುಕಾರ ಆಚೆ ಹೋದ.

ಕಾಕಾ ನಡುವೆ ಒಮ್ಮೆ ನಿಂತು ಇಳಿದ. ಕೆಳಗಿನ ಮೆಟ್ಟಿಲ ಮೇಲೆ ಕೂತು ಮುಷ್ಟಿಯಿಂದ ಎದೆ ಒತ್ತಿಕೊಂಡ. ತೇಗಲು ನೋಡಿದ, ತೇಗು ಬರಲಿಲ್ಲ.

"ಗ್ಯಾಸ್ ತಮ್ಮಾ. ಸುಡುಗಾಡು ಗ್ಯಾಸ್."

ಬುತ್ತಿ ಗಂಟಿನಿಂದ ಗುಲಾಬಿ ಬಣ್ಣದ ಸಿರಪ್ ಬಾಟಲಿ ತೆಗೆದು ಎರಡು ಗುಟುಕು ಕುಡಿದ. ಆಮೇಲೆ ಬೀಡಿ ಹಚ್ಚಿದ. ಗ್ಯಾಸ್ ಯಾರಿಗಿಲ್ಲ ಎಂದುಕೊಂಡೆ. ತೋಟದಲ್ಲಿ ಗುಳಿಗೆ ವಿಷಯ ಎತ್ತುವಂತಿಲ್ಲ. ಕೆಲಸ ಮುಗಿಯುವ ತನಕ ಕಾದು ಅವನ ಮನೆಗೆ ಹೋದೆ.

ಕಾಕಿ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮಾಡದಲ್ಲಿದ್ದ ಗುಳಿಗೆ ಡಬ್ಬಿ ಇಳಿಸಿ, ಪೇಪರಿನ ಮೇಲೆ ಸುರಿದು ಎಣಿಸಿದೆ. ಎಷ್ಟು ಉಳಿಯಬೇಕಿತ್ತೋ ಅಷ್ಟೇ ಉಳಿದಿದ್ದವು.

"ಕಾಕಾ, ಖರೇ ಹೇಳು. ಯಾವಾಗ ಯಾವಾಗ ಬಿಟ್ಟಿ?"

"ಒಂದ ದಿನಾನೂ ಬಿಟ್ಟಿಲ್ಲ."

"ರಕ್ತ ಬ್ಯಾರೆ ಹೇಳಾಕತ್ತೈತಿ."

"ಹಂಗಾರ ನಿಮ್ಮ ಮಷಿನ್ನ ಸುಳ್ಳ ಹೇಳಾಕತ್ತೈತಿ."

ಕಾಕಿ ರೊಟ್ಟಿ ತಿರುವಿ ಹಾಕುತ್ತ ಹೇಳಿದಳು: "ಇಂವ ಗುಳಿಗಿ ಮರೀತಾನನ? ಮದುವಿ ದಿನಾ ನನ್ನ ಮಾರಿ ನೆಟ್ಟಗ ನೋಡ್ಲಿಲ್ಲ. ಆ ಡಬ್ಬಿ ಮಾರಿ ದಿನಾ ನೋಡ್ತಾನ."

ನಾನು ನಗಲಿಲ್ಲ. ಎಣಿಕೆ ಸರಿಯಿತ್ತು ಎಂದರೆ ನುಂಗಿದ್ದಾನೆ ಎಂದಲ್ಲ. ನಾವು ಬರುವ ಸುದ್ದಿ ಸಿಕ್ಕರೆ ಗುಳಿಗೆ ಹಿತ್ತಲಿಗೆ ಎಸೆದು ಲೆಕ್ಕ ಸರಿ ಮಾಡುವವರಿದ್ದಾರೆ. ಈ ಕೆಲಸದಲ್ಲಿ ಮನುಷ್ಯನ ಮಾತಿಗಿಂತ ರಕ್ತದ ಮಾತು ದೊಡ್ಡದು. ನಾನು ಅದನ್ನೇ ಹೇಳಿದೆ. ಕಾಕಾ ಎದ್ದು ಹೊರಗೆ ಹೋದ. ಗುಳಿಗೆ ಎಲ್ಲಿಡುತ್ತಾರೆ ಎಂದು ಕೇಂದ್ರಕ್ಕೆ ತೋರಿಸುವ ಪದ್ಧತಿ ಇದೆ. ಡಬ್ಬಿಯನ್ನು ಮತ್ತೆ ಗೋಡೆಯ ಮಾಡದಲ್ಲಿಟ್ಟು ಫೋಟೋ ತೆಗೆದು ಅಕ್ಕಾರಿಗೆ ಕಳಿಸಿದೆ. ಚಹಾ ಕುಡಿಯದೆ ಹೊರಟೆ.

ಮರುದಿನ ಕೇಂದ್ರದಲ್ಲಿ ಅಕ್ಕಾರು ಆ ಫೋಟೋವನ್ನು ಡಾಕ್ಟರ್ ಮೇಡಂಗೆ ತೋರಿಸಿದರು. ಮೇಡಂ ಫೋಟೋ ದೊಡ್ಡದು ಮಾಡಿ ನೋಡಿದರು.

"ಡಬ್ಬಿ ಬಾಜೂಕ ಈ ಗುಲಾಬಿ ಬಾಟ್ಲಿ ಏನು?"

"ಗ್ಯಾಸಿನ ಸಿರಪ್ರಿ."

"ಯಾವಾಗ ಕುಡೀತಾನ?"

ನನಗೆ ಗೊತ್ತಿರಲಿಲ್ಲ. ಮೇಡಂ ಕಾಕಾಗೆ ಫೋನ್ ಹಚ್ಚಿಸಿ ಸ್ಪೀಕರ್ ಮೇಲೆ ಹಾಕಿಸಿದರು. ಕಾಕಾ ತೋಟದಿಂದ ದೂರ ಹೋಗಿ ಮಾತಾಡಿದ. ದೊಡ್ಡ ಬುದ್ಧಿ ಉಪಯೋಗಿಸಿದವನ ಹಾಗೆ ಹೇಳಿದ.

"ಗುಳಿಗಿ ಉಷ್ಣ ಅಲ್ರೀ ಮೇಡಂ. ಇಷ್ಟ ವರ್ಷ ನುಂಗಿ ನುಂಗಿ ಹೊಟ್ಟಿ ಸುಟ್ಟೈತ್ರಿ. ಅದಕ್ಕ ನೀರಿಲೆ ನುಂಗೂದ ಬಿಟ್ಟೇನ್ರಿ. ಗುಳಿಗಿ ಬಾಯಾಗ ಇಟ್ಟು ಸಿರಪ್ಪಿಲೆನ ನುಂಗ್ತೇನ್ರಿ. ತಂಪ್ ಆಗ್ತೈತ್ರಿ."

ನಮ್ಮ ಕಡೆ ಗುಳಿಗೆ ಎಂದರೆ ಉಷ್ಣ. ಅದರ ಮೇಲೆ ಏನಾದರೂ ತಂಪು ಹೋಗಲೇಬೇಕು. ನಾನೇ ಎಷ್ಟೋ ಜನರಿಗೆ ಮಜ್ಜಿಗೆ ಕುಡಿಯಿರಿ ಎಂದು ಹೇಳಿದ್ದೇನೆ. ಸಿರಪ್ ಕುಡಿಯುತ್ತೀರಾ ಎಂದು ಯಾರನ್ನೂ ಕೇಳಿರಲಿಲ್ಲ.

ಮೇಡಂ ಬಿಡಿಸಿ ಹೇಳಿದರು. ಆ ಸಿರಪ್ಪಿನಲ್ಲಿ ಅಲ್ಯೂಮಿನಿಯಂ, ಮೆಗ್ನೀಷಿಯಂ ಇರುತ್ತವೆ. ಅವು ಹೊಟ್ಟೆಯಲ್ಲಿ ಗುಳಿಗೆಯ ಮುಖ್ಯ ಔಷಧಿಯನ್ನು ಹಿಡಿದುಕೊಂಡು ರಕ್ತಕ್ಕೆ ಪೂರ್ತಿ ಹೋಗಲು ಬಿಡುವುದಿಲ್ಲ. ಗುಳಿಗೆ ಮೊದಲು ನುಂಗಬೇಕು. ಸಿರಪ್ ಬೇಕೇ ಬೇಕಾದರೆ ಎರಡು ತಾಸು ಬಿಟ್ಟು ಕುಡಿಯಬೇಕು. ಕಾಕಾ ಒಂದು ಗುಳಿಗೆಯನ್ನೂ ಬಿಟ್ಟಿರಲಿಲ್ಲ. ನುಂಗಿದ್ದು ರಕ್ತಕ್ಕೆ ಸರಿಯಾಗಿ ಮುಟ್ಟಿರಲಿಲ್ಲ.

ಅಕ್ಕಾರು ಹಣೆ ಹಣೆ ಬಡಿದುಕೊಂಡು ನಕ್ಕರು. ಕೆಲಸ ಮುಗಿಯಿತೆಂದು ನಾನು ಬೈಕಿನ ಕೀಲಿ ತೆಗೆದೆ.

"ಕುಂದ್ರು. ಮುಗಿದಿಲ್ಲ," ಎಂದರು ಮೇಡಂ. ಫೋನಿನ ಕಡೆ ಬಾಗಿದರು. "ಗ್ಯಾಸ್ ಯಾವಾಗ ಬರ್ತೈತ್ರಿ? ಉಂಡ ಮ್ಯಾಲ?"

"ಇಲ್ರೀ. ಏಣಿ ಏರೂ ಮುಂದ. ಎದಿ ಮ್ಯಾಲ ಕಲ್ಲ ಇಟ್ಟಂಗ. ಎಡಗೈಗೂ ಹರೀತೈತ್ರಿ. ಇಳದು ಕುಂತ್ರ ಕಡಿಮಿ ಆಗ್ತೈತ್ರಿ."

"ನೀವು ಏಣಿ ಏರೂದು ಗ್ಯಾಸಿಗೆ ಹ್ಯಾಂಗ ಗೊತ್ತಾಗ್ತೈತ್ರಿ?"

ಕಾಕಾ ನಕ್ಕ. ಮೇಡಂ ನಗಲಿಲ್ಲ. "ಇವತ್ತ ದವಾಖಾನಿಗೆ ಬರ್ರಿ. ಅದು ಗ್ಯಾಸ್ ಅಲ್ಲ, ಹಾರ್ಟ್ ಇರಬಹುದು."

"ಇವತ್ತ ಆಗೂದಿಲ್ರೀ. ಮದುವಿ ಎಲಿ ಕೊಯ್ಯೂದೈತಿ. ಅದು ಮುಗಿಸಿ ಬರ್ತೇನ್ರಿ." ಫೋನ್ ಇಟ್ಟ.

"ಹಾರ್ಟಿಗೂ ಇದಕ್ಕೂ ಏನ್ ಸಂಬಂಧ್ರಿ? ಮೊದಲು ವೈರಸ್ಸ ಇರ್ಲಿಲ್ಲಲ್ರಿ," ಎಂದೆ.

"ಇದನ್ನ ಹೇಳ್ಕೋತ ನಾಲ್ಕ ತಾಲ್ಲೂಕು ತಿರಗ್ತಿ ನೋಡು," ಎಂದರು. ಆಮೇಲೆ ಕಿಟಕಿಯಿಂದ ನನ್ನ ಬೈಕು ತೋರಿಸಿದರು. "ಆ ಗಾಡಿ ನಿಲ್ಲಿಸಿ ಇಂಜಿನ್ ಬಂದ್ ಮಾಡದ ಬಿಟ್ರ ಏನಾಗ್ತೈತಿ?"

"ಪೆಟ್ರೋಲ್ ಸುಡ್ತೈತ್ರಿ. ಇಂಜಿನ್ ಸವೀತೈತ್ರಿ."

"ಗಾಡಿ ಎಲ್ಲೂ ಹೋಗಿಲ್ಲ. ಆದ್ರೂ ಸವೀತೈತಿ. ಇದೂ ಹಂಗ."

ಗುಳಿಗೆಯಿಂದ ರಕ್ತದಲ್ಲಿ ವೈರಸ್ ಕಾಣದಂತಾಗುತ್ತದೆ, ಮೈಯಿಂದ ಪೂರ್ತಿ ಹೋಗುವುದಿಲ್ಲ. ಮೂಲೆಗಳಲ್ಲಿ ಅಡಗಿರುತ್ತದೆ. ಅದನ್ನು ಕಾಯುವ ಮೈಯೊಳಗಿನ ಪಡೆ ಹೊರಳಿ ಮಲಗುವುದೇ ಇಲ್ಲ. ಒಂದು ಸಣ್ಣ ಉರಿಯೂತ ವರ್ಷಗಟ್ಟಲೆ ಇದ್ದೇ ಇರುತ್ತದೆ. ಜ್ವರ ಬರುವುದಿಲ್ಲ, ನೋವಾಗುವುದಿಲ್ಲ. ರಕ್ತನಾಳದ ಒಳಗೋಡೆ ಕೆಡುತ್ತದೆ, ಅಲ್ಲಿ ಕೊಬ್ಬು ಕೂರುತ್ತದೆ. ಹೃದಯ, ಮೂತ್ರಪಿಂಡ, ಎಲುಬು, ಇವುಗಳ ತೊಂದರೆ ಬೇರೆಯವರಿಗಿಂತ ಬೇಗ ಬರಬಹುದು. ಬೀಡಿ ಇದ್ದರೆ ಇನ್ನೂ ಬೇಗ. ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಆದರೆ ಬಿಪಿ, ಸಕ್ಕರೆ, ಕೊಬ್ಬು ನೋಡಿಸಿಕೊಳ್ಳಲೇಬೇಕು.

"ಹಂಗಾರ ಗುಳಿಗಿ ಯಾಕ ನುಂಗಬೇಕ್ರಿ?"

"ಗುಳಿಗಿ ಬಿಟ್ರ ಬೆಂಕಿ. ನುಂಗಿದ್ರ ಬರೇ ಬಿಸಿ. ಯಾವುದು ಬೇಕು?"

ಬಿಪಿ ಯಂತ್ರ ಎಳೆದರು. "ತೋಳ ಕೊಡು. ನಿಂದು ಹುಟ್ಟಿದಾಗಿಂದ ಚಾಲೂ ಐತಿ. ಮೊದಲ ಬಾಯಾಗಿನ ಗುಟ್ಕಾ ಉಗುಳಿ ಬಾ."

ಸಿಟ್ಟು ಬಂತು. ಉಗುಳಿ ಬಂದು ತೋಳು ಕೊಟ್ಟೆ. ಬಿಪಿ ಸರಿಯಿತ್ತು. "ಈಗ ಸರಿ ಐತಿ," ಎಂದರು. ಆ 'ಈಗ' ಎಂಬುದು ನನಗೆ ಸೇರಲಿಲ್ಲ.

ಮರುದಿನ ಮುಂಜಾನೆ ಎದ್ದವನೇ ಸವಣೂರಿಗೆ ಹೋದೆ. ಈ ಸಲ ಚಪ್ಪಲಿ ಗೇಟಿನಲ್ಲೇ ಬಿಟ್ಟೆ. ಕಾಕಾ ಆಗಲೇ ಏಣಿ ಹತ್ತಿದ್ದ.

"ಕಾಕಾ, ಇಳಿ. ದವಾಖಾನಿಗೆ ಹೋಗೂಣು."

"ಎಲಿ ಮುಗೀಲಿ ತಮ್ಮಾ."

"ಎಲಿಗಿಂತ ಮೊದಲ ನೀ ಮುಗೀತಿ."

"ಬಾಯಿ ಮುಚ್ಚು. ಸಾವ್ಕಾರ್ರು ಅದಾರ."

ಇನ್ನೊಂದು ಮೆಟ್ಟಿಲು ಹತ್ತಿದ. ನಾನು ಏಣಿ ಹಿಡಿದು ನಿಂತೆ, ಬೇರೇನು ಮಾಡಲಿ? ಸ್ವಲ್ಪ ಹೊತ್ತಿಗೆ ಮೇಲಿಂದ ಎಲೆ ಬೀಳುವುದು ನಿಂತಿತು. ನೋಡಿದೆ. ಏಣಿಗೆ ಹಣೆ ಹಚ್ಚಿ ನಿಂತಿದ್ದ. ಅವನ ಕಾಲು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದೆ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಈ ಸಲ ಕೂತರೂ ನೋವು ಇಳಿಯಲಿಲ್ಲ. ಕೈ ಬುತ್ತಿ ಗಂಟಿನ ಬಾಟಲಿಗೆ ಹೋಯಿತು, ನಾನು ಕಿತ್ತುಕೊಂಡೆ.

ಸಾಹುಕಾರ ಓಡಿ ಬಂದ. "ಗ್ಯಾಸ್ ಅದು. ನಮ್ಮ ಡಾಕ್ಟರ್ ಅದಾನ ಇಲ್ಲೆ, ಒಂದ ಇಂಜೆಕ್ಷನ್ ಹಾಕಿದ್ರ ಹೋಗ್ತೈತಿ. ಕಾರಿನ್ಯಾಗ ಹಾಕು."

"ಗ್ಯಾಸ್ ಅಲ್ರೀ ಸಾವ್ಕಾರ್ರ. ಹಾರ್ಟ್. ಹಾವೇರಿಗೆ ಹೊಡೀರಿ."

"ನಿನಗ ಹ್ಯಾಂಗ ಗೊತ್ತಲೇ? ನೀ ಡಾಕ್ಟರ್ ಏನು?"

"ನಮ್ಮಪ್ಪಗ ಹಿಂಗ ಆಗಿತ್ರಿ. ಗ್ಯಾಸ್ ಗ್ಯಾಸ್ ಅಂದು ಹೋಗಿಬಿಟ್ಟ."

ಅದು ಸುಳ್ಳು. ಅಪ್ಪ ಸತ್ತದ್ದು ಬೇರೆ ಕಾರಣಕ್ಕೆ, ಅದು ಸಾಹುಕಾರನಿಗೆ ಹೇಳುವ ಕಾರಣವಲ್ಲ. ಸಾಹುಕಾರ ಕಾಕಾನ ಮುಖ ನೋಡಿದ, ಕಾರು ತೆಗೆದ.

ದಾರಿಯಲ್ಲಿ ಮೇಡಂಗೆ ಫೋನ್ ಮಾಡಿದೆ. ಆಸ್ಪಿರಿನ್ ಗುಳಿಗೆ ಕೊಂಡು ಅಗಿಸು, ಆಮೇಲೆ ಎಲ್ಲೂ ನಿಲ್ಲದೆ ಜಿಲ್ಲಾಸ್ಪತ್ರೆಗೆ ಬಾ, ನಾನು ಅಲ್ಲಿಗೆ ಹೇಳಿರುತ್ತೇನೆ ಎಂದರು. ಔಷಧಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ತಂದೆ. ಕಾಕಾ ಬಾಯಿ ತೆರೆಯಲಿಲ್ಲ.

"ಬ್ಯಾರೆ ಗುಳಿಗಿ ಕೇಳಲಾರದ ತಿನ್ನಬ್ಯಾಡ ಅಂತ ನೀನ ಹೇಳಿದ್ದಿ," ಎಂದು ನನ್ನ ಕಿವಿಯಲ್ಲಿ ಉಸಿರಿದ.

"ಈಗ ನಾನ ಹೇಳಾಕತ್ತೇನಿ. ಅಗಿ."

ಅಗಿದ.

ಆಸ್ಪತ್ರೆಯಲ್ಲಿ ಮಲಗಿಸಿದ ಕೂಡಲೇ ಎದೆಗೆ ವೈರ್ ಅಂಟಿಸಿ ಇಸಿಜಿ ತೆಗೆದರು. ಡ್ಯೂಟಿ ಡಾಕ್ಟರ್ ಹುಡುಗ, ನನ್ನ ವಯಸ್ಸಿನವನೇ ಇರಬೇಕು. ಮೇಡಂ ಫೋನ್ ಮಾಡಿದ್ದು ದೊಡ್ಡ ಡಾಕ್ಟರಿಗೆ, ಅವರು ಇನ್ನೂ ಬಂದಿರಲಿಲ್ಲ. ಈ ಹುಡುಗನಿಗೆ ಏನೂ ಗೊತ್ತಿಲ್ಲ. ಇಸಿಜಿ ಕಾಗದ ನೋಡುತ್ತಲೇ ಕೇಳಿದ:

"ದಿನಾ ಯಾವ ಗುಳಿಗಿ ತಗೋತಾರ?"

ಸಾಹುಕಾರ ಮುಂದೆ ಬಂದ. "ಏನೂ ಇಲ್ರೀ. ಗ್ಯಾಸಿನ ಔಷಧ ಅಷ್ಟ. ಇಪ್ಪತ್ತ ವರ್ಷ ಆತು ನಮ್ಮ ತೋಟದಾಗ ಅದಾನ, ನನಗ ಗೊತ್ತಿಲ್ಲೇನ್ರಿ?"

ನನ್ನ ಕೆಲಸದ ಮೊದಲ ನಿಯಮ, ಯಾರ ಮುಂದೆಯೂ ಹೇಳಬಾರದು. ಆದರೆ ಒಂದು ಔಷಧಿಯ ಮೇಲೆ ಇನ್ನೊಂದು ಬಿದ್ದರೆ ಏನಾಗುತ್ತದೆ ಎಂಬುದನ್ನು ಹಿಂದಿನ ದಿನವೇ ಕಂಡಿದ್ದೆ. ಚಿಕಿತ್ಸೆ ಕೊಡುವ ಡಾಕ್ಟರಿಗೆ ಗೊತ್ತಾಗಲೇಬೇಕಿತ್ತು.

"ಸಾವ್ಕಾರ್ರ, ಒಂದ ಸ್ವಲ್ಪ ಹೊರಗ ನಿಂದರ್ರಿ."

"ನಾ ಯಾಕ ಹೊರಗ? ಕಾರ್ ನಂದು, ಡೀಸೆಲ್ ನಂದು, ಮನಶ್ಯಾ ನಂದು. ಹೊರಗ ನಾನಾ?"

ಅವನು ಕದಲಲಿಲ್ಲ. ಡಾಕ್ಟರ್ ಪೆನ್ನು ಹಿಡಿದು ಕಾಯುತ್ತಿದ್ದ. ನಾನೇ ಹೇಳಿಬಿಡಬಹುದಿತ್ತು, ಹೇಳದೆಯೂ ಇರಬಹುದಿತ್ತು. ಆದರೆ ಎದೆ ಕಾಕಾನದು, ಏಣಿಯೂ ಅವನದು. ಬಾಗಿ ಅವನ ಕಿವಿಗೆ ಬಾಯಿ ಹಚ್ಚಿದೆ.

"ಹೇಳಲೇನು?"

ಕಾಕಾ ಕಣ್ಣು ತೆರೆದು ಸಾಹುಕಾರನನ್ನು ನೋಡಿದ. ಆಮೇಲೆ ಗೋಣು ಹಾಕಿದ.

"ಟಿಎಲ್‌ಡಿ ತಗೋತಾರ್ರಿ," ಎಂದೆ.

ಎಚ್‌ಐವಿ ಗುಳಿಗೆಯನ್ನು ನಾವು ಕರೆಯುವುದು ಹಾಗೆ, ಮೂರು ಔಷಧಿಯ ಮೂರು ಅಕ್ಷರ. ಡಾಕ್ಟರ್ ಹುಡುಗ ಒಂದು ಕ್ಷಣ ನನ್ನನ್ನು ನೋಡಿದ, ಬರೆದುಕೊಂಡ. ಮುಖದಲ್ಲಿ ಏನೂ ತೋರಿಸಲಿಲ್ಲ. ಅಷ್ಟಕ್ಕೆ ಅವನ ಮೇಲೆ ನನಗೆ ಮರ್ಯಾದೆ ಬಂತು.

"ಅದೇನಲೇ ಟಿಎಲ್‌ಡಿ?" ಎಂದ ಸಾಹುಕಾರ.

"ಮೈಗೆ ಶಕ್ತಿ ಬರೂ ಗುಳಿಗಿರಿ."

"ನನಗ ಹೇಳೇ ಇಲ್ಲ ಮಗ," ಎಂದು ಅವನು ಮೊಬೈಲ್ ತೆಗೆದುಕೊಂಡು ಹೊರಗೆ ಹೋದ.

ಹೃದಯದ ಒಂದು ರಕ್ತನಾಳ ಮುಚ್ಚುತ್ತ ಬಂದಿತ್ತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ನಾಳ ಅಗಲಿಸಿ ಸ್ಟೆಂಟ್ ಹಾಕಿದರು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕಾಕಿ ಬಸ್ಸಿನಲ್ಲಿ ಬಂದಳು, ಗುಳಿಗೆ ಡಬ್ಬಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.

"ಅದಾನಿಲ್ಲೊ?"

"ಅದಾನ ಕಾಕಿ."

"ಹಂಗಾರ ನೀರ ತಾ. ಗುಳಿಗಿ ನುಂಗೂ ಹೊತ್ತಾತು. ನೀರಿಲೆ ನುಂಗಸ್ತೇನಿ."

ಮನೆಗೆ ಕಳಿಸುವಾಗ ರಕ್ತ ತೆಳ್ಳಗಾಗುವ ಗುಳಿಗೆ, ಕೊಬ್ಬಿನ ಗುಳಿಗೆ, ಬಿಪಿ ಗುಳಿಗೆ ಕೊಟ್ಟರು. ಏಣಿ ಹತ್ತಬಾರದು, ಬೀಡಿ ಸೇದಬಾರದು ಎಂದರು. ಎಲ್ಲ ಗುಳಿಗೆಯನ್ನೂ ಮೇಡಂ ಟಿಎಲ್‌ಡಿ ಜೊತೆ ಹೊಂದಿಸಿ ನೋಡಿ ಸರಿ ಎಂದರು. ಕೆಲವು ತಿಂಗಳ ಮೇಲೆ ಮತ್ತೆ ರಕ್ತ ತೆಗೆದರು. ವೈರಸ್ ಕಾಣಲಿಲ್ಲ. ಔಷಧಿ ಬದಲಿಸುವ ಮಾತು ನಿಂತಿತು.

ಆ ರಿಪೋರ್ಟ್ ಹೇಳಲು ತೋಟಕ್ಕೆ ಹೋದೆ. ಕಾಕಾ ಮತ್ತೆ ತೋಟಕ್ಕೆ ಹೋಗುತ್ತಾನೆ ಎಂದು ಕಾಕಿ ಹೇಳಿದ್ದಳು. ಆದರೆ ಏಣಿಯ ಮೇಲೆ ಬೇರೆ ಯಾರೋ ಇದ್ದರು. ಗೇಟಿನಲ್ಲಿ ಸಾಹುಕಾರ ನಿಂತಿದ್ದ.

"ಕಾಕಾ ಎಲ್ಲದಾನ್ರಿ?"

ಅವನು ಸುತ್ತ ಯಾರೂ ಇಲ್ಲ ಎಂದು ನೋಡಿಕೊಂಡ.

"ನಿನ್ನ ಶಕ್ತಿ ಗುಳಿಗಿ ಹೆಸರು ಮೊಬೈಲಿನ್ಯಾಗ ಹಾಕಿ ನೋಡಿದೆ. ಅವತ್ತ, ದವಾಖಾನಿ ಹೊರಗ ನಿಂತು."

ಒಂದು ಸುಳ್ಳು ಹುಡುಕಿದೆ. ಸಿಗಲಿಲ್ಲ.

"ಗುಳಿಗಿ ನುಂಗಿದ್ರ ರೋಗ ಮಲಗ್ತೈತಿ ಅಂತ ಅದರಾಗ ಬರದಾರ. ಹಂಗಾರ ಎದಿ ಯಾಕ ಹಿಡೀತು?"

ಬೈಕಿನ ಮಾತು ಹೇಳಿದೆ. ಗಾಡಿ ನಿಂತಿದೆ, ಇಂಜಿನ್ ಬಂದ್ ಆಗಿಲ್ಲ. ಈಗ ಎಲ್ಲ ಊರಿನಲ್ಲೂ ಹೀಗೇ ಹೇಳುತ್ತೇನೆ. ವೈರಸ್ ಮಲಗಿದೆ, ಆದರೂ ಬಿಪಿ ನೋಡಿಸಿ, ಸಕ್ಕರೆ ನೋಡಿಸಿ, ಏರುವಾಗ ಎದೆ ಹಿಡಿದರೆ ಗ್ಯಾಸ್ ಎನ್ನಬೇಡಿ. ನಿಮಗೇನೂ ಆಗುವುದಿಲ್ಲ ಎಂಬ ಮಾತು ಬಿಟ್ಟಿದ್ದೇನೆ.

ಸಾಹುಕಾರ ಪೂರ್ತಿ ಕೇಳಿದ. "ಅದಕ್ಕ ಬೀಡಿ ಸೇದಬಾರ್ದೇನು? ಇನ್ನ ಸೇದಿದ್ರ ನಾ ಹಲ್ಲ ಉದುರಸ್ತೇನಿ."

"ಸಾವ್ಕಾರ್ರ, ಅಂವನ ಕೆಲಸ..."

"ಇಪ್ಪತ್ತ ವರ್ಷ ಅದ ಕೈಲೆನ ನನ್ನ ಎಲಿ ಕೊಯ್ದಾನ," ಎಂದು ಅವನು ತೋಟದ ಕಡೆ ಗದ್ದ ಎತ್ತಿದ. "ಒಂದ ಬಳ್ಳಿ ಒಣಗೇತೇನು ನೋಡು."

ನೋಡಿದೆ. ಬಳ್ಳಿಗಳು ಮರದ ತುದಿಯ ತನಕ ಹಸಿರಾಗಿದ್ದವು. ಆಚೆ ಚಪ್ಪರದ ನೆರಳಿನಲ್ಲಿ ಕಾಕಾ ಗೋಣಿ ಚೀಲದ ಮೇಲೆ ಕೂತು, ಕೊಯ್ದ ಎಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದ.

"ಯಾರ ಮುಂದನೂ ಬಾಯಿ ಬಿಡಬ್ಯಾಡ. ನಾನೂ ಬಿಡೂದಿಲ್ಲ," ಎಂದ ಸಾಹುಕಾರ. "ಹೋಗು, ಮಾತಾಡ್ಸು. ಮೆಟ್ಟು ಬಿಟ್ಟ ಹೋಗು. ಬಾಯಾಗಿಂದೂ ಉಗುಳಿ ಹೋಗು."

ಚಪ್ಪಲಿ ಬಿಟ್ಟೆ. ಗುಟ್ಕಾ ಗೇಟಿನ ಹೊರಗೆ ಉಗುಳಿ ಒಳಗೆ ಹೋದೆ.